ಸೋನಿಪತ್ತಿನ ಸೊಳ್ಳೆಗಳು

ಸಾಮಾನ್ಯವಾಗಿ ಮಾರ್ಪಟ್ಟ ಜೀನೊಂದು ಅರ್ಧದಷ್ಟು ಮರಿಗಳಿಗೆ ಮಾತ್ರ ದಾಟುತ್ತದೆ. ಜೀನ್ ಡ್ರೈವ್ ಅದನ್ನು ಹೆಚ್ಚುಕಡಿಮೆ ಎಲ್ಲಕ್ಕೂ ದಾಟಿಸುತ್ತದೆ. ಇದರ ಬೇರು ಹುಡುಕಿದರೆ ನಾನು ತಲುಪುವುದು ದೆಹಲಿಗೆ.

ಬೇಕಾದ ಗುಣವನ್ನು ಇಡೀ ಕೀಟಸಂತತಿಗೆ ಹರಡಿಸಬಹುದೆಂದು 1968ರಲ್ಲೇ ಬರೆದಿದ್ದ ಕ್ರಿಸ್ಟೋಫರ್ ಕರ್ಟಿಸ್, ಎಪ್ಪತ್ತರ ದಶಕದಲ್ಲಿ ಅಲ್ಲಿನ ಸೊಳ್ಳೆ ನಿಯಂತ್ರಣ ಘಟಕದಲ್ಲಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಂಟಿ ಯೋಜನೆ, ಹಣ ಅಮೆರಿಕದ್ದು. ಹರಿಯಾಣದ ಸೋನಿಪತ್ತಿನಲ್ಲಿ ಈಡಿಸ್ ಸೊಳ್ಳೆಗಳನ್ನು ಬಿಡಲು ಸಿದ್ಧತೆ ನಡೆದಿದ್ದಾಗ, ಇದು ಜೈವಿಕ ಯುದ್ಧದ ತಾಲೀಮೇ ಎಂಬ ಗುಮಾನಿ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. 1975ರಲ್ಲಿ ಕೆಲಸ ನಿಂತಿತು.

ಐವತ್ತು ವರ್ಷಗಳ ಬಳಿಕ, 2025ರಲ್ಲಿ, ಮಲೇರಿಯಾದಿಂದ ಬಳಲುವ ಬುರ್ಕಿನಾ ಫಾಸೊ ಕೂಡ ಇಂಥದೇ ಯೋಜನೆಯನ್ನು ನಿಲ್ಲಿಸಿತು. ಭಯ ಅತಿಯಾಗಿರಬಹುದು. ಆದರೆ ಬಿಟ್ಟ ಸೊಳ್ಳೆಯನ್ನು ಮರಳಿ ಕರೆಯಲಾಗದು. ಆದ್ದರಿಂದ ಊರಿನವರ ಒಪ್ಪಿಗೆ ಪ್ರಯೋಗದ ಕೊನೆಯ ಹೆಜ್ಜೆಯಲ್ಲ, ಮೊದಲನೆಯದು.