ಬ್ರಯಾನ್ ಮ್ಯಾಥ್ಯೂ: ಪಾಪ್ ಯುಗಕ್ಕೆ ಸಾಕ್ಷಿಯಾದ ದನಿ

ಬ್ರಿಟನ್ನಿನ ಪಾಪ್ ಸಂಗೀತವೆಂದರೆ ನಮ್ಮವರಿಗೆ ನೆನಪಾಗುವುದು ಬೀಟಲ್ಸ್ ತಂಡ, ಇಲ್ಲವೇ ಲಕ್ನೋದಲ್ಲಿ ಹುಟ್ಟಿ ಅಲ್ಲಿ ತಾರೆಯಾದ ಕ್ಲಿಫ್ ರಿಚರ್ಡ್. ಅಂಥವರನ್ನು ಮೈಕಿನ ಮುಂದೆ ನಿಲ್ಲಿಸಿ ಮನೆಮನೆಗೆ ಪರಿಚಯಿಸಿದ ಬ್ರಯಾನ್ ಮ್ಯಾಥ್ಯೂರ ಹೆಸರನ್ನು ಕೇಳಿದವರು ಕಡಿಮೆ.

1928ರಲ್ಲಿ ಕೊವೆಂಟ್ರಿಯಲ್ಲಿ ಹುಟ್ಟಿದ ಮ್ಯಾಥ್ಯೂ ಕಲಿತದ್ದು ನಟನೆ. 1948ರಲ್ಲಿ ಜರ್ಮನಿಯಲ್ಲಿ ಬ್ರಿಟಿಷ್ ಸೇನೆಯ ರೇಡಿಯೋದಲ್ಲಿ ಮಾತಾಡಲಾರಂಭಿಸಿದ ಅವರು 1954ರಲ್ಲಿ ಬಿಬಿಸಿ ಸೇರಿದರು. ಆಗ ಇಂಗ್ಲೆಂಡಿನ ಹುಡುಗರಿಗೆ ಸ್ಕಿಫಲ್ ಹುಚ್ಚು. ಒಂದು ಅಗ್ಗದ ಗಿಟಾರ್, ಬಟ್ಟೆ ಉಜ್ಜುವ ತಗಡು, ಖಾಲಿ ಚಹಾ ಪೆಟ್ಟಿಗೆ ಇದ್ದರೆ ತಂಡವೇ ತಯಾರು! 1957ರಲ್ಲಿ ಬಿಬಿಸಿ ಈ ಹುಡುಗರಿಗಾಗಿ ಶನಿವಾರ ಬೆಳಗ್ಗೆ ಒಂದು ಕಾರ್ಯಕ್ರಮ ಆರಂಭಿಸಿತು. ಮರುವರ್ಷ ಅದೇ ‘ಸ್ಯಾಟರ್ಡೇ ಕ್ಲಬ್’ ಆಯಿತು. ಅದರ ನಿರೂಪಕರು ಮ್ಯಾಥ್ಯೂ.

ಇಲ್ಲೊಂದು ಸ್ವಾರಸ್ಯವಿದೆ. ರೇಡಿಯೋ ಗ್ರಾಮಫೋನ್ ತಟ್ಟೆಗಳನ್ನೇ ಹಾಕುತ್ತಿದ್ದರೆ ವಾದ್ಯಗಾರರ ಹೊಟ್ಟೆಪಾಡೇನು? ಸಂಗೀತಗಾರರ ಸಂಘ ಮತ್ತು ರೆಕಾರ್ಡ್ ಕಂಪೆನಿಗಳ ಒತ್ತಾಯದಿಂದ ಬಿಬಿಸಿ ತಟ್ಟೆಗಳನ್ನು ಹಾಕುವ ಹೊತ್ತಿಗೆ ಮಿತಿಯಿತ್ತು. ಉಳಿದ ಹೊತ್ತನ್ನು ತುಂಬಲು ತಂಡಗಳನ್ನು ಸ್ಟುಡಿಯೋಗೆ ಕರೆದು ಹಾಡಿಸಬೇಕಿತ್ತು. ಕಾರ್ಮಿಕರ ಹಕ್ಕಿಗಾಗಿ ಹುಟ್ಟಿದ ಈ ನಿರ್ಬಂಧವೇ ಹೊಸ ತಂಡಗಳಿಗೆ ಬಾಗಿಲು ತೆರೆಯಿತು. 1963ರ ಜನವರಿಯಲ್ಲಿ ಬೀಟಲ್ಸ್ ಹುಡುಗರು ಇಲ್ಲಿಗೆ ಬಂದದ್ದೂ ಹಾಗೆಯೇ. ಮ್ಯಾಥ್ಯೂ ಅವರದು ಅಚ್ಚುಕಟ್ಟಾದ ಬಿಬಿಸಿ ಇಂಗ್ಲಿಷ್. ಆದರೆ ಲಿವರ್‌ಪೂಲಿನ ಆ ತುಂಟರನ್ನು ಅವರು ಕೀಳಾಗಿ ಕಾಣಲಿಲ್ಲ. ಅವರ ಚೇಷ್ಟೆಗೆ ತಾನೂ ನಗುತ್ತಿದ್ದರು. ಹಿರಿಯರು ಪಾಪ್ ಎಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ದುರದೃಷ್ಟವೆಂದರೆ, ಆ ಧ್ವನಿಮುದ್ರಣಗಳಲ್ಲಿ ಹೆಚ್ಚಿನವನ್ನು ಬಿಬಿಸಿ ಕಾಪಾಡಲಿಲ್ಲ. ಟೇಪು ದುಬಾರಿ; ಅಳಿಸಿ ಮತ್ತೆ ಬಳಸುತ್ತಿದ್ದರು. ನಾಳೆ ಇದು ಚರಿತ್ರೆಯಾದೀತೆಂದು ಯಾರಿಗೆ ಗೊತ್ತು? ವಿದೇಶಿ ನಿಲಯಗಳಿಗಾಗಿ ಒತ್ತಿದ ತಟ್ಟೆಗಳು ಮತ್ತು ಶ್ರೋತೃಗಳು ಮನೆಯಲ್ಲಿ ಹಿಡಿದಿಟ್ಟ ಟೇಪುಗಳಿಂದ ಎಷ್ಟೋ ಹಾಡುಗಳು ಮರಳಿ ಸಿಕ್ಕವು. 1994ರಲ್ಲಿ ಹೊರಬಂದ ಬೀಟಲ್ಸ್‌ನ ‘ಲೈವ್ ಎಟ್ ದ ಬಿಬಿಸಿ’ ಸಂಗ್ರಹದಲ್ಲಿ ಹಾಡುಗಳ ನಡುವೆ ಮ್ಯಾಥ್ಯೂರ ದನಿಯೂ ಇದೆ.

ತಂಡ ಒಡೆದು ಎರಡೇ ವರ್ಷಗಳಾಗಿದ್ದಾಗ, 1972ರಲ್ಲಿ, ರೇಡಿಯೋ 1 ‘ದ ಬೀಟಲ್ಸ್ ಸ್ಟೋರಿ’ ಎಂಬ 13 ಕಂತುಗಳ ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. (ಕಣ್ಣಿಗೆ ಕಾಣದ್ದನ್ನು ‘ಚಿತ್ರ’ ಎನ್ನುವುದು ತಮಾಷೆ, ಆದರೆ ಬೇರೆ ಪದವಿಲ್ಲ.) ಕಥೆ ಹೇಳಿದವರು ಮ್ಯಾಥ್ಯೂ. ಪಾಪ್ ಸಂಗೀತಕ್ಕೂ ಒಂದು ಚರಿತ್ರೆಯುಂಟು, ಅದನ್ನು ವಾರಗಟ್ಟಲೆ ಕೂತು ಕೇಳಬಹುದು ಎಂದು ಒಪ್ಪಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಘಟನೆಗಳು ನಡೆದಾಗ ಅಲ್ಲಿದ್ದವನೇ ಹೇಳುವಾಗ ಕಥೆಗೆ ಬರುವ ತೂಕವೇ ಬೇರೆ.

1990ರಿಂದ ಅವರು ರೇಡಿಯೋ 2ರಲ್ಲಿ ‘ಸೌಂಡ್ಸ್ ಆಫ್ ದ ಸಿಕ್ಸ್ಟೀಸ್’ ನಡೆಸಿದರು. ಶನಿವಾರ ಬೆಳಗ್ಗೆ ಕೇಳುಗರು ಕೇಳಿದ, ಮರೆತುಹೋದ ಹಾಡುಗಳನ್ನು ಹುಡುಕಿ ಹಾಕುತ್ತಿದ್ದರು. 2016ರ ಕೊನೆಗೆ ಕಾಯಿಲೆ ಬಿದ್ದರು. ಮರುವರ್ಷದ ಜನವರಿಯಲ್ಲಿ ಅವರು ಮರಳುವುದಿಲ್ಲವೆಂದು ಬಿಬಿಸಿ ಪ್ರಕಟಿಸಿತು. ಇದು ಪರಸ್ಪರ ಒಪ್ಪಿಗೆಯ ತೀರ್ಮಾನ ಎಂಬ ಮಾತನ್ನು ಮ್ಯಾಥ್ಯೂ ಸಾರಾಸಗಟಾಗಿ ತಳ್ಳಿಹಾಕಿದರು. ತಾನು ಕೆಲಸಕ್ಕೆ ಸಿದ್ಧನಿದ್ದೆ ಎಂದರು. ಫೆಬ್ರವರಿ 25ರಂದು ಬೀಳ್ಕೊಡುಗೆಯ ಕಾರ್ಯಕ್ರಮ ಮಾಡಿದರು. ಏಪ್ರಿಲ್ 5ರಂದು ಬಿಬಿಸಿ ಅವರ ಮರಣವಾರ್ತೆಯನ್ನೇ ಬಿತ್ತರಿಸಿ, ಬಳಿಕ ಅವರಿನ್ನೂ ಬದುಕಿದ್ದಾರೆ, ಸ್ಥಿತಿ ಗಂಭೀರ ಎಂದು ತಿದ್ದಿಕೊಂಡಿತು. ಮೂರು ದಿನಗಳ ನಂತರ, 88ನೇ ವಯಸ್ಸಿನಲ್ಲಿ, ಮ್ಯಾಥ್ಯೂ ತೀರಿಕೊಂಡರು.