ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್

ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್ (ಸಂಕ್ಷಿಪ್ತವಾಗಿ ನ್ಯೂಸ್) ಎಂಬುದು ಆಸ್ಪತ್ರೆಯಲ್ಲಿರುವ ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಬೇಗನೆ ಗುರುತಿಸಲು ಬ್ರಿಟನ್ನಿನಲ್ಲಿ ಬಳಸುವ ಅಂಕಪದ್ಧತಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಇದನ್ನು 2012ರಲ್ಲಿ ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು. ನೋವಿನಿಂದ ಕೂಗುವ ರೋಗಿಗಿಂತ ಸದ್ದಿಲ್ಲದೆ ಮಲಗಿರುವ ರೋಗಿಯೇ ಹೆಚ್ಚು ಅಪಾಯದಲ್ಲಿರಬಹುದು. ಮೊದಲು ಯಾರನ್ನು ನೋಡಬೇಕು, ವೈದ್ಯರನ್ನು ಯಾವಾಗ ಕರೆಯಬೇಕು ಎಂಬುದನ್ನು ನಿರ್ಧರಿಸಲು ಇದು ಶುಶ್ರೂಷಕರಿಗೆ ನೆರವಾಗುತ್ತದೆ.

ಅಂಕಗಳ ಎಣಿಕೆ

ಉಸಿರಾಟದ ದರ, ರಕ್ತದಲ್ಲಿನ ಆಮ್ಲಜನಕದ ಮಟ್ಟ, ಸಂಕೋಚನ ರಕ್ತದೊತ್ತಡ, ನಾಡಿಬಡಿತ, ಪ್ರಜ್ಞೆಯ ಮಟ್ಟ ಮತ್ತು ದೇಹದ ಉಷ್ಣತೆ ಎಂಬ ಆರು ಅಂಶಗಳಿಗೆ ತಲಾ 0ಯಿಂದ 3ರವರೆಗೆ ಅಂಕ ನೀಡಲಾಗುತ್ತದೆ. ಅಳತೆಯು ಸಹಜ ಮಿತಿಯಿಂದ ದೂರವಾದಷ್ಟೂ ಅಂಕ ಹೆಚ್ಚುತ್ತದೆ. ರೋಗಿಗೆ ಆಮ್ಲಜನಕ ನೀಡುತ್ತಿದ್ದರೆ 2 ಅಂಕ ಸೇರುತ್ತವೆ. ಹೊಸದಾಗಿ ಕಾಣಿಸಿಕೊಂಡ ಮಾನಸಿಕ ಗೊಂದಲಕ್ಕೆ 3 ಅಂಕ ನೀಡುವ ಕ್ರಮವು 2017ರ ಪರಿಷ್ಕರಣೆಯಲ್ಲಿ ಸೇರಿತು.

ಆದ್ಯತೆಯ ನಿರ್ಧಾರ

* 0: ಕನಿಷ್ಠ 12 ಗಂಟೆಗೊಮ್ಮೆ ತಪಾಸಣೆ.
* 1–4: ಕನಿಷ್ಠ 4–6 ಗಂಟೆಗೊಮ್ಮೆ ತಪಾಸಣೆ.
* 5–6: ಕನಿಷ್ಠ ಗಂಟೆಗೊಮ್ಮೆ ತಪಾಸಣೆ, ವೈದ್ಯರಿಂದ ತುರ್ತು ಪರಿಶೀಲನೆ.
* 7 ಅಥವಾ ಹೆಚ್ಚು: ನಿರಂತರ ನಿಗಾ, ತೀವ್ರ ಚಿಕಿತ್ಸೆಯಲ್ಲಿ ಪರಿಣತಿಯುಳ್ಳ ತಂಡದಿಂದ ತುರ್ತು ಪರಿಶೀಲನೆ.

ಒಟ್ಟು ಅಂಕ ಕಡಿಮೆಯಿದ್ದರೂ ಒಂದೇ ಅಂಶಕ್ಕೆ 3 ಅಂಕ ಬಂದರೆ ಅದನ್ನು ಕಡೆಗಣಿಸುವಂತಿಲ್ಲ. ಉದಾಹರಣೆಗೆ, ಉಳಿದೆಲ್ಲ ಅಳತೆಗಳು ಸಹಜವಾಗಿದ್ದು, ಉಸಿರಾಟದ ದರ ಮಾತ್ರ ನಿಮಿಷಕ್ಕೆ 26 ಇದ್ದರೆ ಒಟ್ಟು ಅಂಕ 3 ಆಗುತ್ತದೆ. ಆಗಲೂ ವೈದ್ಯರಿಗೆ ತಿಳಿಸಿ, ಗಂಟೆಗೊಮ್ಮೆ ತಪಾಸಣೆ ನಡೆಸಬೇಕು.

ಮಿತಿಗಳು

16 ವರ್ಷದೊಳಗಿನ ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ಈ ಪದ್ಧತಿಯನ್ನು ಬಳಸುವುದಿಲ್ಲ. ಅಂಕವು ವೃತ್ತಿಪರ ವಿವೇಚನೆಗೆ ಪರ್ಯಾಯವಲ್ಲ. ಅಂಕ ಕಡಿಮೆಯಿದ್ದರೂ ರೋಗಿಯ ಬಗ್ಗೆ ಆತಂಕವೆನಿಸಿದರೆ ಶುಶ್ರೂಷಕರು ವೈದ್ಯರನ್ನು ಕರೆಯಬೇಕು.