ಬೀದರಿನಿಂದ ಬೆಂಗಳೂರಿಗೆ ನೆಟ್ಟಗೆ ಎಷ್ಟು ದೂರ?



ಉಮರ್ಗಾದಿಂದಲೋ ನಿಲಂಗಾದಿಂದಲೋ ಬೆಂಗಳೂರಿಗೆ ಹೊರಟವರನ್ನು ದೂರ ಎಷ್ಟೆಂದು ಕೇಳಿ ನೋಡಿ. “ಒಂದು ರಾತ್ರಿ ಪ್ರಯಾಣ” ಎನ್ನುತ್ತಾರೆ. ಹಿರಿಯರು ಕನ್ನಡದಲ್ಲಿ ಹರದಾರಿ ಎಂದರು, ಮರಾಠಿಯಲ್ಲಿ ಕೋಸ ಎಂದರು. ಎರಡೂ ಕಾಲ್ನಡಿಗೆಯ ಲೆಕ್ಕವೇ.

2020ರ ಫೆಬ್ರುವರಿ 7ರಂದು ಬೀದರಿನಿಂದ ಬೆಂಗಳೂರಿಗೆ ನಾಗರಿಕ ವಿಮಾನ ಹಾರಿತು. ರಸ್ತೆಯಲ್ಲಿ ಸುಮಾರು 700 ಕಿಲೋಮೀಟರು. ಆಕಾಶದಲ್ಲಿ ನೆಟ್ಟಗೆ ಅಳೆದರೆ 550ರ ಆಸುಪಾಸು. ನಕ್ಷೆ ತೆಗೆದರೆ ಬೀದರಿನ ಕೆಳಗೆ, ಹೆಚ್ಚುಕಡಿಮೆ ನೇರ ದಕ್ಷಿಣಕ್ಕೇ, ಬೆಂಗಳೂರು. ಆದರೆ ಈ ನೇರ ದೂರ ಗೊತ್ತಾಗಲು ವಿಮಾನ ಬರಬೇಕಾಗಿರಲಿಲ್ಲ.

ವಿಲಿಯಂ ಲ್ಯಾಂಬ್ಟನ್ ಎಂಬ ಕಂಪನಿ ಸರಕಾರದ ಅಧಿಕಾರಿ 1802ರಲ್ಲಿ ಮದರಾಸಿನಲ್ಲಿ ಉಕ್ಕಿನ ಸರಪಳಿ ಹಿಡಿದು ನೆಲ ಅಳೆಯತೊಡಗಿದ. ಟಿಪ್ಪು ಮಡಿದು ಮೂರೇ ವರ್ಷವಾಗಿತ್ತು. ಗೆದ್ದ ನಾಡಿನ ನಕ್ಷೆ ಕಂಪನಿಗೆ ಬೇಕಾಗಿತ್ತು, ಅದು ಬೇರೆ ಮಾತು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ನಂಬಿದ್ದರು. ಲೆಕ್ಕ ಮುಗಿದಾಗ ಉಳಿದದ್ದು 360!

ನಡುವಿನ ದಾರಿಯನ್ನೆಲ್ಲ ಸರಪಳಿಯಿಂದ ಅಳೆದನೇ? ಇಲ್ಲ. ನಿಮ್ಮ ಹೊಲದ ಒಂದು ಬದು ಅಳೆಯಿರಿ. ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ನೋಡಿ, ಎರಡೂ ಕಡೆಯ ಕೋನ ಗುರುತು ಹಾಕಿಕೊಳ್ಳಿ. ತ್ರಿಕೋನದ ಒಂದು ಬಾಹು, ಎರಡು ಕೋನ ತಿಳಿದರೆ ಗುಡ್ಡದ ದೂರ ಲೆಕ್ಕಕ್ಕೆ ಸಿಗುತ್ತದೆ. ಆ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಕೋನ ನೋಡುವ ಯಂತ್ರದ ತೂಕ ಅರ್ಧ ಟನ್. ಅದನ್ನು ಗುಡ್ಡಕ್ಕೂ ಗೋಪುರಕ್ಕೂ ಹೊತ್ತು ಏರಿಸಿದವರು ನಮ್ಮಂಥ ಕೂಲಿಗಳು. ನಕ್ಷೆಯ ಮೇಲೆ ಅವರ ಹೆಸರಿಲ್ಲ.

ಹೀಗೆ ಕನ್ಯಾಕುಮಾರಿ ಕಡೆಯಿಂದ ಬೆಂಗಳೂರಿನ ಮೇಲೆ ಹಾಯ್ದು ಬಂದ ತ್ರಿಕೋನಗಳ ಸಾಲು 1815ರಲ್ಲಿ ಬೀದರಿನ ಹತ್ತಿರದ ದಾಮರಗಿದ್ದ ಎಂಬಲ್ಲಿಗೆ ಮುಟ್ಟಿತು. ಅಂದು ಅದು ನಿಜಾಮರ ಸೀಮೆ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೂ ಬೀದರ ಜಿಲ್ಲೆಯಲ್ಲೇ ಇದ್ದವಷ್ಟೆ. ಹಾಗಾಗಿ ಇದು ನಮ್ಮ ಮನೆಯಂಗಳದ ಕಥೆಯೇ. ಲ್ಯಾಂಬ್ಟನ್ ಅಳೆಯುತ್ತಲೇ ಉತ್ತರಕ್ಕೆ ಸಾಗಿ, 1823ರಲ್ಲಿ ವರ್ಧಾ ಸೀಮೆಯ ಹಿಂಗಣಘಾಟದಲ್ಲಿ ತೀರಿಕೊಂಡ.

ಕೆಲಸ ಜಾರ್ಜ್ ಎವರೆಸ್ಟ್ ಕೈಗೆ ಬಂತು. ಶಿಖರಕ್ಕೆ ಇಟ್ಟಿರುವುದು ಅವನ ಹೆಸರನ್ನೇ. ಹಳೆಯ ಅಳತೆ ಅವನಿಗೆ ಸಾಲದಾಯಿತು. ಮಧ್ಯಭಾರತದ ಸಿರೋಂಜದಿಂದ ಬೀದರಿಗೆ 425 ಮೈಲಿ ಹೊಸ ತ್ರಿಕೋನಗಳನ್ನು ಹೆಣೆಸಿದ. ಬೀದರಿನ ಬಯಲಲ್ಲಿ ಗುರುತಿಸಿದ ಸುಮಾರು ಎಂಟು ಮೈಲಿಯ ಗೆರೆಯ ಉದ್ದ ಎಷ್ಟಿರಬೇಕೆಂದು ಆ ಲೆಕ್ಕದಿಂದ ಬಂತು. 1841ರಲ್ಲಿ ಅದೇ ಗೆರೆಯನ್ನು ನೆಲದ ಮೇಲೆ ಅಳೆಸಿ ಎರಡನ್ನೂ ಹೋಲಿಸಿದರು. ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ತುಸು ಹೆಚ್ಚು: ಒಂದು ಗೇಣೂ ಇಲ್ಲ.